ಮೇಜಿನ ಎರಡು ಬದಿ

ಕಾರ್ಖಾನೆಯ ಅನ್ನವನ್ನುಂಡು ಬೆಳೆದ ಕುಟುಂಬಗಳು ಬೆಂಗಳೂರಿನಲ್ಲಿ ಅನೇಕ ಉಂಟು, ನಮ್ಮದೂ ಅವುಗಳಲ್ಲೊಂದು. 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ದೂರವಾಣಿಯ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., ಅದರ ಮರುವರ್ಷವೇ ಭಾರತ್ ಎಲೆಕ್ಟ್ರಾನಿಕ್ಸ್ ಎಂದು ಒಂದರ ಬೆನ್ನಿಗೊಂದು ತಲೆಯೆತ್ತಿದ ಆ ಸಂಸ್ಥೆಗಳಲ್ಲಿ ಒಮ್ಮೆ ಕಾಲಿಟ್ಟವನಿಗೆ ನಿವೃತ್ತಿಯ ದಿನದವರೆಗೆ ಮತ್ತೊಂದು ಸಂದರ್ಶನದ ಪ್ರಮೇಯವೇ ಒದಗುತ್ತಿರಲಿಲ್ಲವಾದುದರಿಂದ, ಅವನು ಸೇರಿದ ದಿನದ ಪರೀಕ್ಷೆಯ ವೃತ್ತಾಂತವು ಮನೆಯ ಮಕ್ಕಳಿಗೆಲ್ಲ ಬಾಯಿಪಾಠವಾಗಿರುತ್ತಿದ್ದಿತು. ನಮ್ಮ ಚಿಕ್ಕಪ್ಪನವರು ದೂರವಾಣಿನಗರದ ಕಾರ್ಖಾನೆಗೆ ಫಿಟ್ಟರಾಗಿ ಸೇರಿದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಆ ಕೋಣೆಯಲ್ಲಿ ನಾನೂ ಇದ್ದೆನೇನೋ ಎಂಬ ಭ್ರಾಂತಿ ಈಗಲೂ ಆಗುವುದುಂಟು. ಅವರ ಕೈಗೆ ಒಂದು ಕಬ್ಬಿಣದ ತುಂಡನ್ನೂ ಒಂದು ಅರವನ್ನೂ ಕೊಟ್ಟು, ವೈಸಿನ ಮುಂದೆ ನಿಲ್ಲಿಸಿ, ಮುಖಗಳನ್ನು ಸಮತಟ್ಟಾಗಿ ಉಜ್ಜಿ ಮೂಲೆಗಳನ್ನು ನೇರ ಮಾಡಬೇಕೆಂದು ಹೇಳಿದರಂತೆ. ಉಜ್ಜಿದ್ದಾದ ಮೇಲೆ ಮೇಸ್ತ್ರಿಯು ಆ ತುಂಡಿಗೆ ಮೂಲೆಮಟ್ಟವನ್ನು ಒತ್ತಿ, ಕಿಟಕಿಯ ಬೆಳಕಿಗೆದುರಾಗಿ ಹಿಡಿದು, ಲೋಹಕ್ಕೂ ಮಟ್ಟಕ್ಕೂ ನಡುವೆ ಬೆಳಕಿನ ಎಳೆ ನುಸುಳುವುದೋ ಇಲ್ಲವೋ ಎಂಬುದನ್ನು ಒಂದು ಕಣ್ಣು ಮುಚ್ಚಿ ನೋಡಿದನಂತೆ. ಅಷ್ಟೇ ಪರೀಕ್ಷೆ. ಮರುದಿನದಿಂದ ಅವರು ಮಾಡಬೇಕಾಗಿದ್ದ ಕೆಲಸವೂ ಅದೇ. ಅಭ್ಯರ್ಥಿಯ ಆತ್ಮವಿಶ್ವಾಸವನ್ನಾಗಲಿ, ಐದು ವರ್ಷಗಳ ಅನಂತರ ಅವನು ಏನಾಗಬಯಸುವನೆಂಬುದನ್ನಾಗಲಿ ಮೇಸ್ತ್ರಿಯು ವಿಚಾರಿಸಲಿಲ್ಲ. ನಾನು ಸೇರಿದ ಉದ್ಯಮದಲ್ಲಿ, ಪರೀಕ್ಷೆಗೂ ಕೆಲಸಕ್ಕೂ ಇದ್ದ ಈ ನಂಟು ನನ್ನ ಕಣ್ಣೆದುರಿಗೇ ಹೇಗೆ ಸಡಿಲವಾಗುತ್ತ ಬಂದಿತೆಂಬುದನ್ನು ಮೇಜಿನ ಎರಡು ಬದಿಗಳಲ್ಲಿಯೂ ಕುಳಿತು ಕಂಡವನು ನಾನಾದುದರಿಂದ, ಅದನ್ನು ಕುರಿತು ನಾಲ್ಕು ಮಾತು ಬರೆಯುವ ಅಧಿಕಾರ ನನಗೆ ಇದೆಯೆಂದು ಭಾವಿಸಿದ್ದೇನೆ.

ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದು ಮುಗಿಸಿ ಮನೆಗೆ ಮರಳಿದ್ದು 1980ರ ದಶಕದ ಉತ್ತರಾರ್ಧದಲ್ಲಿ. ಐ.ಬಿ.ಎಂ. ಕಂಪೆನಿಯು 1978ರಲ್ಲಿ ಭಾರತವನ್ನು ಬಿಟ್ಟು ಹೋಗಿ ಹತ್ತು ವರ್ಷಗಳು ತುಂಬುತ್ತ ಬಂದಿದ್ದುವು. ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿಯೇ ಬೆಂಗಳೂರಿಗೆ ಬಂದು ಇನ್ನೂ ಹೆಚ್ಚು ಜನರ ಕಿವಿಗೆ ಬೀಳದ ಹೆಸರಾಗಿದ್ದಿತು. 1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ತಮ್ಮ ಉಪಗ್ರಹ ಸಂಪರ್ಕದ ತಟ್ಟೆಯನ್ನು ಎತ್ತಿನ ಗಾಡಿಯ ಮೇಲೆ ಹೇರಿಸಿ ತಂದರೆಂಬ ಕಥೆಯನ್ನು ನಾವು ಹುಡುಗರು ಆನಂದದಿಂದ ಹೇಳಿಕೊಳ್ಳುತ್ತಿದ್ದೆವು. ಬುಧವಾರದ ಪತ್ರಿಕೆಯಲ್ಲಿ ಕಂಡ ಜಾಹೀರಾತೊಂದನ್ನು ಕತ್ತರಿಸಿ ಇಟ್ಟುಕೊಂಡು ನಾನು ಹೊರಟಾಗ ಚಿಕ್ಕಪ್ಪನವರು, "ಅಲ್ಲಯ್ಯಾ, ಏನು ತಯಾರು ಮಾಡ್ತಾರೆ ಅಲ್ಲಿ?" ಎಂದರು. ಪ್ರೋಗ್ರಾಮು ಎಂದೆನು. "ಅದನ್ನ ಇಡೋದೆಲ್ಲಿ? ಗೋಡೌನ್ ಇದೆಯೇ?" ಎಂದು ಅವರು ಕೇಳಿದುದು ಪರಿಹಾಸ್ಯಕ್ಕಲ್ಲ, ಮೂವತ್ತು ವರ್ಷ ಸ್ಟ್ರೌಜರ್ ವಿನಿಮಯ ಕೇಂದ್ರಗಳ ಬಿಡಿಭಾಗಗಳನ್ನು ಕೈಯಲ್ಲಿ ತೂಗಿ ನೋಡಿದ್ದವರಿಗೆ ತೂಕವಿಲ್ಲದ ಸರಕಿನ ವಿಷಯದಲ್ಲಿ ಸಂಶಯ ಬರುವುದು ಸಹಜವೇ ಆಗಿದ್ದಿತು.

ಕಂಪೆನಿಯು ಜಯನಗರದ ಒಂದು ಮನೆಯ ಮಹಡಿಯಲ್ಲಿ ಇದ್ದಿತು. ಕೆಳಗಡೆ ಮನೆಯ ಯಜಮಾನರ ಸಂಸಾರ. ಮೆಟ್ಟಿಲ ಮೇಲೆ ಒಣಗಲು ಹಾಕಿದ ಸಂಡಿಗೆ. ಸಂದರ್ಶಿಸಿದವರು ಒಬ್ಬರೇ, ನಡುವಯಸ್ಸು ದಾಟಿದವರು, ಸರಕಾರೀ ಸಂಸ್ಥೆಯೊಂದರ ಲೆಕ್ಕಪತ್ರದ ಗಣಕ ವಿಭಾಗದಲ್ಲಿ ದುಡಿದು ಬಂದವರು. ನನ್ನ ಅಂಕಪಟ್ಟಿಯನ್ನು ಒಮ್ಮೆ ತಿರುವಿ ಹಾಕಿ, ಪಕ್ಕದ ಕಪಾಟಿನಿಂದ ಹಸಿರು ಪಟ್ಟೆಯ ಉದ್ದನೆಯ ಕಾಗದದ ಮೇಲೆ ಅಚ್ಚಾದ ಒಂದು ಕೋಬಾಲ್ ಪ್ರೋಗ್ರಾಮನ್ನು ತೆಗೆದು ನನ್ನ ಮುಂದೆ ಹರಡಿ, "ಇದು ಏನು ಮಾಡುತ್ತೆ ಅಂತ ಓದಿ ಹೇಳ್ರಿ. ನಾನು ಊಟ ಮುಗಿಸಿಕೊಂಡು ಬರ್ತೀನಿ" ಎಂದು ಎದ್ದು ಹೋದರು. ಕಾಲೇಜಿನಲ್ಲಿ ನಾವು ಬರೆಯುವುದನ್ನು ಕಲಿತಿದ್ದೆವೇ ಹೊರತು ಇನ್ನೊಬ್ಬರು ಬರೆದುದನ್ನು ಓದುವುದನ್ನು ಯಾರೂ ಕಲಿಸಿರಲಿಲ್ಲ. ಮೊದಲ ಪುಟ ದಾಟುವಷ್ಟರಲ್ಲಿ ಬೆವರು ಕಿತ್ತುಕೊಂಡಿತಾದರೂ, ಬೇರೆ ಮಾರ್ಗ ಕಾಣದೆ ಬೆರಳಿಟ್ಟು ಓದುತ್ತ ಹೋದಂತೆ, ಅದು ಯಾವುದೋ ಕಾರ್ಖಾನೆಯ ಸಂಬಳದ ಲೆಕ್ಕವೆಂಬುದೂ, ಭವಿಷ್ಯನಿಧಿಯ ಕಡಿತ ಎಲ್ಲಿ ಆಗುವುದೆಂಬುದೂ, ಹಬ್ಬದ ಮುಂಗಡವನ್ನು ಕಂತುಕಂತಾಗಿ ಹಿಡಿಯುವ ಭಾಗ ಯಾವುದೆಂಬುದೂ ಒಂದೊಂದಾಗಿ ಗೋಚರಿಸಿದುವು. ಅವರು ಎಲೆಅಡಿಕೆಯನ್ನು ಜಗಿಯುತ್ತ ಹಿಂದಿರುಗಿದಾಗ ಇದನ್ನೆಲ್ಲ ಒಪ್ಪಿಸಿ, ನಡುವಿನ ಒಂದು ಭಾಗಕ್ಕೆ ಯಾವ ದಾರಿಯಿಂದಲೂ ಪ್ರವೇಶವಿಲ್ಲವೆಂದೂ, ಅದು ಇದ್ದೂ ಇಲ್ಲದಂತೆಯೇ ಎಂದೂ ಅಳುಕುತ್ತ ಹೇಳಿದೆನು. ಅವರು ಕನ್ನಡಕವನ್ನು ಹಣೆಗೇರಿಸಿ ಕಾಗದದ ಮೇಲೆ ಬಾಗಿ ಬಹಳ ಹೊತ್ತು ನೋಡಿದರು. "ಇದು ನನಗೇ ಗೊತ್ತಿರ್ಲಿಲ್ಲವಲ್ರೀ. ಸೋಮವಾರದಿಂದ ಬನ್ನಿ" ಎಂದರು. ಆ ಮೇಲೆ ನಾನು ಎದುರಿಸಿದ, ನಡೆಸಿದ, ಪಕ್ಕದಲ್ಲಿ ಕುಳಿತು ಕೇಳಿದ ಸಂದರ್ಶನಗಳೆಲ್ಲವನ್ನೂ ನೆನೆದುಕೊಂಡರೆ, ನಾನೇ ಒಮ್ಮೆ ಮಾಡಿ ನೋಡಿದ ಒಂದು ಪ್ರಯೋಗವನ್ನು ಬಿಟ್ಟರೆ, ಮುಂದೆ ಮಾಡಬೇಕಾದ ಕೆಲಸವನ್ನೇ ಮುಂದಿಟ್ಟು ಪರೀಕ್ಷಿಸಿದವರು ಅವರೊಬ್ಬರೇ ಎನ್ನಬೇಕಾಗುತ್ತದೆ.

ಆ ಕಾಲದ ಗಣಕಯಂತ್ರದ ಕೋಣೆಗೆ ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಹೋಗಬೇಕಾಗಿದ್ದಿತು. ಧೂಳಿನ ಭಯದಿಂದ ಹುಟ್ಟಿದ ಈ ನಿಯಮವನ್ನು ನಾವು ದೇವಸ್ಥಾನದ ಮರ್ಯಾದೆಯಿಂದಲೇ ಪಾಲಿಸುತ್ತಿದ್ದೆವು. ಮನುಷ್ಯರಿಗೆ ಇಲ್ಲದ ಹವಾನಿಯಂತ್ರಣ ಯಂತ್ರಕ್ಕೆ ಇದ್ದುದರಿಂದ, ಬೇಸಗೆಯಲ್ಲಿ ಏನಾದರೊಂದು ನೆಪ ಹೂಡಿ ಒಳಗೆ ನಿಲ್ಲುವವರ ಸಂಖ್ಯೆ ಹೆಚ್ಚುತ್ತಿದ್ದಿತು. ಆಮದು ಸುಂಕದ ದೆಸೆಯಿಂದ ಯಂತ್ರವು ಅತಿ ದುಬಾರಿಯಾಗಿದ್ದು, ಇದ್ದ ಕೆಲವೇ ಟರ್ಮಿನಲ್ಲುಗಳನ್ನು ಪಾಳಿಯ ಮೇಲೆ ಹಂಚಿಕೊಳ್ಳಬೇಕಾಗಿ, ಹೊಸಬರಾದ ನಮ್ಮ ಪಾಲಿಗೆ ರಾತ್ರಿಯ ಪಾಳಿ ಬೀಳುತ್ತಿದ್ದಿತು. ಯಂತ್ರದ ವೇಳೆ ಅಷ್ಟು ಅಮೂಲ್ಯವಾಗಿದ್ದುದರ ಫಲವಾಗಿ, ಹಗಲೆಲ್ಲ ಕಾಗದದ ಮೇಲೆ ಪ್ರೋಗ್ರಾಮನ್ನು ಬರೆದು, ತಾನೇ ಯಂತ್ರವಾಗಿ ಒಂದೊಂದು ಸಾಲನ್ನೂ ಮನಸ್ಸಿನಲ್ಲಿ ನಡೆಸಿ ನೋಡಿ, ಅನಂತರವೇ ರಾತ್ರಿ ಅದನ್ನು ಟೈಪು ಮಾಡುವ ಪದ್ಧತಿ ನಮಗೆ ರೂಢಿಯಾಯಿತು. ನಮ್ಮ ಗುಂಪಿನ ಹಿರಿಯರಾಗಿದ್ದ ಹೆಂಗಸೊಬ್ಬರು, ಚಾಮರಾಜಪೇಟೆಯವರು, ತಪ್ಪು ಎಲ್ಲಿದೆಯೆಂದು ನಾವು ಅವಸರದಿಂದ ಕೇಳಲು ಹೋದರೆ ಕಾಗದದಿಂದ ತಲೆಯೆತ್ತದೆಯೇ, "ಮೊದಲು ಪೂರ್ತಿ ಓದಿದ್ರಾ?" ಎನ್ನುವರು, ಓದಿದೆವೆಂದರೆ, "ಇನ್ನೊಂದು ಸಲ ಓದ್ರಪ್ಪ, ಆಮೇಲೆ ಬನ್ನಿ" ಎನ್ನುವರು. ನೂರಕ್ಕೆ ತೊಂಬತ್ತು ಪಾಲು ನಾವು ಮತ್ತೆ ಅವರ ಬಳಿಗೆ ಹೋಗಬೇಕಾಗುತ್ತಿರಲಿಲ್ಲ.

ಪರದೇಶದ ಕೆಲಸ ಸಿಕ್ಕಿದವರಿಗೆ ಇನ್ನೊಂದು ಬಗೆಯ ಸಂದರ್ಶನ ಕಾದಿರುತ್ತಿದ್ದಿತು. ಬೆಂಗಳೂರಿನವರು ಅಮೆರಿಕದ ವೀಸಾಕ್ಕಾಗಿ ಮದರಾಸಿಗೆ ಹೋಗಬೇಕು. ರಾತ್ರಿಯ ಮದರಾಸು ಮೇಲಿನಲ್ಲಿ ಹೊರಟು, ಬೆಳಕು ಹರಿಯುವ ಮುನ್ನವೇ ಜೆಮಿನಿ ವೃತ್ತದ ಬಳಿಯ ಕಾನ್ಸುಲೇಟಿನ ಗೋಡೆಗೆ ಒರಗಿ ಸಾಲಿನಲ್ಲಿ ನಿಲ್ಲಬೇಕು. ನಮ್ಮ ಕಾಗದಪತ್ರಗಳ ಕಟ್ಟು ಎಷ್ಟು ದಪ್ಪವೋ ಒಳಗಿನ ವಿಚಾರಣೆ ಅಷ್ಟೇ ತೆಳುವಾಗಿರುತ್ತಿದ್ದಿತು. ಗಾಜಿನ ಆಚೆಯ ಅಧಿಕಾರಿಯು ಒಂದೆರಡು ಪ್ರಶ್ನೆ ಕೇಳಿ ತೀರ್ಮಾನ ಹೇಳಿಬಿಡುವನು. ನನ್ನನ್ನು ಕೋಬಾಲ್ ಎಂದರೇನೆಂದು ಕೇಳಿದನು. ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಸಾಕೆಂದು ಕೈಯೆತ್ತಿದನು. ಆ ಮಧ್ಯಾಹ್ನ ಮೌಂಟ್ ರೋಡಿನ ಹೋಟೆಲೊಂದರಲ್ಲಿ, ಅನುಮತಿ ದೊರೆತವರೂ ದೊರೆಯದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು. ಇಬ್ಬರ ವಿದ್ಯೆಯಲ್ಲಿ ವ್ಯತ್ಯಾಸವೇನೆಂದು ಕೇಳಿದ್ದರೆ ನಮ್ಮಲ್ಲಿ ಯಾರೂ ಉತ್ತರ ಹೇಳಲಾರದವರಾಗಿದ್ದೆವು.

ನನ್ನನ್ನು ಕಳುಹಿಸಿದುದು ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ನಗರಕ್ಕೆ. ಅಲ್ಲಿ ವಿಮಾ ಕಂಪೆನಿಗಳು ನಮ್ಮ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಷ್ಟು ಒತ್ತೊತ್ತಾಗಿವೆ. 2000ನೆಯ ಇಸವಿ ಸಮೀಪಿಸುತ್ತಿದ್ದಿತು. ಹಿಂದೆ ಎಂಬತ್ತು ಅಂಕಣಗಳ ರಂಧ್ರಪತ್ರದ ಮೇಲೆ ಒಂದೊಂದು ಅಂಕಣಕ್ಕೂ ಬೆಲೆಯಿದ್ದ ಕಾಲದಲ್ಲಿ, ಯಂತ್ರದ ಸ್ಮೃತಿಯೂ ಅತ್ಯಂತ ದುಬಾರಿಯಾಗಿದ್ದಾಗ, ವರ್ಷವನ್ನು ನಾಲ್ಕು ಅಂಕಿಗಳ ಬದಲು ಕೊನೆಯ ಎರಡೇ ಅಂಕಿಗಳಲ್ಲಿ ಬರೆಯುವ ಪದ್ಧತಿ ಬಳಕೆಗೆ ಬಂದು, ಕಾರಣವು ಅಳಿದ ಮೇಲೂ ಪದ್ಧತಿಯು ಉಳಿದುಕೊಂಡಿದ್ದಿತು. ಇದನ್ನು ಅವಿವೇಕವೆಂದು ಅನೇಕರು ಬರೆದರು. ನನಗೆ ಹಾಗೆ ತೋರಲಿಲ್ಲ. ಬರೆದವರು ತಮ್ಮ ಪ್ರೋಗ್ರಾಮು ಮೂವತ್ತು ವರ್ಷ ಬದುಕುವುದೆಂದು ಎಣಿಸಿರಲಿಲ್ಲ, ಅಷ್ಟೆ. ಆದರೆ ಪರಿಣಾಮ ವಿಚಿತ್ರವಾಗಿದ್ದಿತು. 1965ರಲ್ಲಿ ಹುಟ್ಟಿದವನ ವಯಸ್ಸನ್ನು 2000ದಲ್ಲಿ ಲೆಕ್ಕ ಹಾಕಬೇಕಾದರೆ ಪ್ರೋಗ್ರಾಮು ಸೊನ್ನೆಯಿಂದ ಅರುವತ್ತೈದನ್ನು ಕಳೆಯುವುದು; ಬಂದ ಉತ್ತರ ಋಣಸಂಖ್ಯೆ; ಆದರೆ ಕೋಬಾಲಿನಲ್ಲಿ ಚಿಹ್ನೆಗೆ ಎಡೆಯಿಲ್ಲವೆಂದು ಘೋಷಿಸಿದ ಜಾಗದಲ್ಲಿ ಆ ಉತ್ತರವನ್ನು ಇರಿಸಿದೊಡನೆ ಋಣಚಿಹ್ನೆಯು ಸದ್ದಿಲ್ಲದೆ ಉದುರಿಹೋಗಿ ಬರಿಯ ಅರುವತ್ತೈದು ಉಳಿಯುವುದು. ಮೂವತ್ತೈದರ ಪ್ರಾಯದವನು ಒಂದೇ ರಾತ್ರಿಯಲ್ಲಿ ಪಿಂಚಣಿಗೆ ಅರ್ಹನಾಗಿಬಿಡುವನು! ಯಂತ್ರವು ಕೆಟ್ಟು ನಿಂತರೆ ಎಲ್ಲರಿಗೂ ತಿಳಿಯುತ್ತದೆ. ಇಂಥ ನಂಬಿಕೆಗೆ ಅರ್ಹವಾದಂತೆ ತೋರುವ ತಪ್ಪು ಉತ್ತರವನ್ನು ಹಿಡಿಯಬೇಕಾದರೆ ಸಾಲುಸಾಲಾಗಿ ಓದದೆ ಗತ್ಯಂತರವಿಲ್ಲ.

ನಾವು ಓದಿದೆವು. ಅಮೆರಿಕದಲ್ಲಿ ಕೆಲವರು, ಬೆಂಗಳೂರಿನಲ್ಲಿ ಮಿಕ್ಕವರು, ಅವರ ಹಗಲು ನಮ್ಮ ರಾತ್ರಿಯಾಗಿ, ಲಕ್ಷಾಂತರ ಸಾಲುಗಳನ್ನು ಹಂಚಿಕೊಂಡು ಓದಿದೆವು. ಎಷ್ಟೋ ಪ್ರೋಗ್ರಾಮುಗಳನ್ನು ಬರೆದವರು ನಿವೃತ್ತರಾಗಿದ್ದರು, ಕೆಲವರು ತೀರಿಹೋಗಿದ್ದರು. ಓದುತ್ತ ಓದುತ್ತ ಅವರ ಸ್ವಭಾವಗಳು ಪರಿಚಿತವಾದುವು: ಒಬ್ಬನು ಪ್ರತಿಯೊಂದು ಭಾಗದ ಮೇಲೂ ಅದೇಕೆ ಹಾಗೆ ಎಂದು ವಿನಯದಿಂದ ಟಿಪ್ಪಣಿ ಬರೆದಿಡುವವನು, ಇನ್ನೊಬ್ಬನು ತನ್ನ ಚಾತುರ್ಯವನ್ನು ಮುಂದಿನವನು ಭೇದಿಸಬಾರದೆಂಬ ಹಟ ತೊಟ್ಟವನು, ಮತ್ತೊಬ್ಬನು 99 ಎಂಬುದನ್ನು ವರ್ಷವೆಂದು ಬಗೆಯದೆ ‘ಇಲ್ಲಿಗೆ ಮುಗಿಯಿತು’ ಎಂಬ ಸಂಕೇತವಾಗಿ ಬಳಸಿ, 1999ರಲ್ಲಿಯೇ ನಮಗೆ ಸಂಕಟ ತಂದಿಟ್ಟವನು. ಎಲ್ಲೆಡೆಯೂ ನಾಲ್ಕು ಅಂಕಿಗಳನ್ನು ತುಂಬಲು ಕಾಲವಿಲ್ಲದುದರಿಂದ, ಐವತ್ತಕ್ಕಿಂತ ಕಡಮೆಯಾದ ಅಂಕಿಯನ್ನು ಹೊಸ ಶತಮಾನಕ್ಕೂ ಮಿಕ್ಕುದನ್ನು ಹಳೆಯದಕ್ಕೂ ಸೇರಿಸಿ ಓದುವ ಉಪಾಯವನ್ನು ಬಹುಕಡೆ ಮಾಡಿದೆವು. 400ರಿಂದ ಭಾಗಿಸಲ್ಪಡುವುದರಿಂದ 2000ವು ಅಧಿಕವರ್ಷವೇ ಹೌದು ಎಂಬುದನ್ನು ಮರೆತಿದ್ದ ಪ್ರೋಗ್ರಾಮುಗಳಿಗೆ ಫೆಬ್ರವರಿ 29ನ್ನು ಬೇರೆಯಾಗಿ ತಿಳಿಸಿಕೊಡಬೇಕಾಯಿತು. ಡಿಸೆಂಬರ್ 31ರ ರಾತ್ರಿ ಕಚೇರಿಯಲ್ಲಿಯೇ ಕಾದು ಕುಳಿತಿದ್ದೆವು, ಹೇಳಿಕೊಳ್ಳುವಂಥದೇನೂ ಸಂಭವಿಸಲಿಲ್ಲ. ಏನೂ ಆಗದಿದ್ದುದನ್ನು ಕಂಡು ಇದೆಲ್ಲ ಹುಸಿಬೆದರಿಕೆಯಾಗಿತ್ತೆಂದು ಪತ್ರಿಕೆಗಳಲ್ಲಿ ಬರೆದವರನ್ನು ನೆನೆದರೆ ನನಗೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ.

ಮರಳಿ ಬಂದು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪೆನಿಯೊಂದನ್ನು ಸೇರಿದೆನು. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರದ ಹೊಲಗಳ ನಡುವೆ ವಿದ್ಯುನ್ಮಾನದ ನಗರವೊಂದನ್ನು ಕಲ್ಪಿಸಿಕೊಂಡಾಗ ಅದನ್ನು ನಂಬಿದವರು ವಿರಳ. ನಾನು ಹೋದಾಗ ಹೊಸೂರು ರಸ್ತೆಯ ವಾಹನಗಳ ಸಾಲೇ ಅವರ ಪರವಾಗಿ ಸಾಕ್ಷಿ ನುಡಿಯುತ್ತಿದ್ದಿತು. 2001ರ ಕುಸಿತದಲ್ಲಿ ಆಯ್ಕೆಯ ಪತ್ರ ಕೈಯಲ್ಲಿದ್ದೂ ಸೇರುವ ದಿನಾಂಕ ಮುಂದುಮುಂದಕ್ಕೆ ಹೋಗುತ್ತಿದ್ದ ಹುಡುಗರನ್ನೂ, ಕೆಲಸವಿಲ್ಲದೆ ‘ಬೆಂಚಿನ ಮೇಲೆ’ ಕುಳಿತವರನ್ನೂ ಕಂಡೆನು. ಅದು ಕಳೆದೊಡನೆ ಬಂದಿತು ನೇಮಕಾತಿಯ ಮಹಾಪೂರ. ಆಗ ನನ್ನನ್ನು ಮೇಜಿನ ಆಚೆಯ ಬದಿಗೆ ಕೂಡಿಸಿದರು.

ಕಾಲೇಜಿನಿಂದ ಕಾಲೇಜಿಗೆ ಹೋಗುವೆವು. ಮುಂಜಾನೆ ಸಭಾಂಗಣದ ತುಂಬ ಹುಡುಗ ಹುಡುಗಿಯರು ಲಿಖಿತ ಪರೀಕ್ಷೆಯನ್ನು ಬರೆಯುವರು. ಉಳಿದವರನ್ನು ಮಧ್ಯಾಹ್ನದಿಂದ ರಾತ್ರಿಯವರೆಗೆ ನಾವು ಒಬ್ಬೊಬ್ಬರನ್ನಾಗಿ ಕಾಣುವೆವು. ಪರೀಕ್ಷೆಯಲ್ಲಿ ಬರುವುವು ಬಹುಮಟ್ಟಿಗೆ ಒಗಟುಗಳೆಂದು ಸುದ್ದಿ ಹಬ್ಬಿದ್ದುದರಿಂದ, ನಮ್ಮ ಬೆಂಗಳೂರಿನವರೇ ಆದ, 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ತೋರಿಸಿದ ಶಕುಂತಲಾದೇವಿಯವರ ಒಗಟಿನ ಪುಸ್ತಕಗಳು ಪ್ರತಿಯೊಂದು ಹಾಸ್ಟೆಲಿನಲ್ಲಿಯೂ ಕೈಯಿಂದ ಕೈಗೆ ಸಾಗಿ ಹರಿದುಹೋಗುತ್ತಿದ್ದುವು. ಎಂಟು ಗುಂಡುಗಳಲ್ಲಿ ಒಂದು ಮಾತ್ರ ಭಾರವಾದುದು, ತಕ್ಕಡಿಯಲ್ಲಿ ಎರಡೇ ಸಲ ತೂಗಿ ಅದನ್ನು ಕಂಡುಹಿಡಿಯಬೇಕು ಎಂದು ನಮ್ಮಲ್ಲೊಬ್ಬರು ಕೇಳುವರು. ಮೂರು, ಮೂರು, ಎರಡು ಎಂದು ವಿಂಗಡಿಸಬೇಕೆಂಬುದು ಅಭ್ಯರ್ಥಿಗೆ ಮೊದಲೇ ಗೊತ್ತು. ಅವನಿಗೆ ಗೊತ್ತೆಂಬುದು ನಮಗೆ ಗೊತ್ತು. ಆದರೂ ಅವನು ಹುಬ್ಬು ಗಂಟಿಕ್ಕಿ, ಮಾಳಿಗೆಯನ್ನು ನೋಡಿ, ಮೊದಲು ನಾಲ್ಕು ನಾಲ್ಕಾಗಿ ಇಡುವಂತೆ ನಟಿಸಿ, ತಟ್ಟನೆ ಹೊಳೆದವನಂತೆ ಮುಖವರಳಿಸುವನು. ನಟನೆಗೂ ಅಂಕವನ್ನು ಕೊಡುವ ಕೋಷ್ಟಕವೊಂದು ನಮ್ಮ ನಮೂನೆಯಲ್ಲಿ ಇದ್ದಿದ್ದರೆ ಲೆಕ್ಕ ಇನ್ನಷ್ಟು ಪ್ರಾಮಾಣಿಕವಾಗುತ್ತಿತ್ತು. ಒಮ್ಮೆ ನಮ್ಮ ಸಹೋದ್ಯೋಗಿಯೊಬ್ಬರು ಪರದೇಶದಿಂದ ಆಗತಾನೆ ಬಂದಿದ್ದ ಪ್ರಸಿದ್ಧ ಪ್ರಶ್ನೆಯನ್ನು ಹೊರತೆಗೆದು, ಮ್ಯಾನ್‌ಹೋಲಿನ ಮುಚ್ಚಳ ದುಂಡಗೇಕೆ ಇರುತ್ತದೆಯೆಂದು ಕೇಳಿದರು. ಹುಡುಗನು ಕ್ಷಣಕಾಲ ಯೋಚಿಸಿ, "ಸಾರ್, ನಮ್ಮ ಬೀದೀಲಿ ಚೌಕವಾಗಿದೆ" ಎಂದನು. ನಾನು ನಕ್ಕುಬಿಟ್ಟೆನು, ಅವನಿಗೆ ಪೂರ್ಣಾಂಕ ಕೊಡಬೇಕೆಂದು ವಾದಿಸಿದೆನು. ಸಹೋದ್ಯೋಗಿಗೆ ಅದು ಹಿಡಿಸಲಿಲ್ಲ.

ದಾವಣಗೆರೆಯ ಕಡೆಯ ಕಾಲೇಜೊಂದರಲ್ಲಿ ಕಂಡ ಹುಡುಗಿಯನ್ನು ನಾನು ಮರೆಯಲಾರೆನು. ಹೊತ್ತು ಮುಳುಗಿ ಎಲ್ಲರೂ ದಣಿದಿದ್ದೆವು. ಲಿಂಕ್ಡ್ ಲಿಸ್ಟ್ ಎಂಬುದೊಂದು ರಚನೆ: ಒಂದೊಂದು ಕೊಂಡಿಯೂ ತನ್ನ ಮುಂದಿನ ಕೊಂಡಿಯ ವಿಳಾಸವನ್ನು ಇಟ್ಟುಕೊಂಡಿರುತ್ತದೆ; ಮೊದಲನೆಯದರ ವಿಳಾಸ ತಿಳಿದವನು ಕೊನೆಯವರೆಗೆ ಹೋಗಬಲ್ಲನು. ಅದನ್ನು ಹಿಂದುಮುಂದಾಗಿ ತಿರುಗಿಸುವ ಪ್ರೋಗ್ರಾಮನ್ನು ಬರೆಯೆಂದು ಹೇಳುವುದು ನಮ್ಮ ವಾಡಿಕೆಯ ಪ್ರಶ್ನೆ. ಹತ್ತು ಸಾಲುಗಳ ಉತ್ತರವನ್ನು ಉರು ಹೊಡೆದವರು ಎರಡು ನಿಮಿಷದಲ್ಲಿ ಬರೆದೊಪ್ಪಿಸುವರು. ಈಕೆ ಲೇಖನಿಯನ್ನು ಕೈಯಲ್ಲಿ ಹಿಡಿದು ಬರೆಯದೆ ಕುಳಿತಳು. ಮೊದಲು ಇಂಗ್ಲಿಷಿನಲ್ಲಿ ಆರಂಭಿಸಿ, ತಡವರಿಸಿ, ನಾನು ಕನ್ನಡದಲ್ಲಿಯೇ ಹೇಳಮ್ಮ ಎಂದ ಮೇಲೆ, "ಸರ್, ಈ ಲಿಸ್ಟಿನ ಮೊದಲನೇ ಕೊಂಡಿಯ ವಿಳಾಸಾನ ಬೇರೆ ಯಾರಾದ್ರೂ ಇಟ್ಕೊಂಡಿದಾರಾ?" ಎಂದು ಕೇಳಿದಳು. ಸಹೋದ್ಯೋಗಿಯು ಗಡಿಯಾರವನ್ನು ನೋಡಿದರು. ಆಕೆ ಬಿಡಲಿಲ್ಲ: ತಿರುಗಿಸಿದ ಮೇಲೆ ಮೊದಲನೆಯ ಕೊಂಡಿಯೇ ಕೊನೆಯದಾಗುತ್ತದೆ, ಆ ಹಳೆಯ ವಿಳಾಸವನ್ನೇ ನಂಬಿಕೊಂಡಿರುವ ಇನ್ನೊಂದು ಪ್ರೋಗ್ರಾಮು ಎಲ್ಲಿಯಾದರೂ ಇದ್ದರೆ, ಅದಕ್ಕೆ ಇಡೀ ಪಟ್ಟಿಯಲ್ಲಿ ಒಂದೇ ಒಂದು ಕೊಂಡಿ ಕಾಣುತ್ತದೆ, ಮಿಕ್ಕುದೆಲ್ಲ ಮಾಯವಾದಂತೆ. ಇದನ್ನು ಕೇಳಿಕೊಳ್ಳದೆ ಬರೆಯುವುದು ಹೇಗೆ ಎಂಬುದು ಆಕೆಯ ಸಂಕಟ. ಹಾರ್ಟ್‌ಫರ್ಡಿನಲ್ಲಿ ಕುಳಿತು ವರ್ಷಗಟ್ಟಲೆ ನಾವು ಮಾಡಿದುದು ಈ ಪ್ರಶ್ನೆಯನ್ನೇ ಅಲ್ಲವೇ: ಇದನ್ನು ಬದಲಾಯಿಸಿದರೆ ಇದನ್ನು ನಂಬಿದವರು ಇನ್ನು ಯಾರು ಯಾರು ಇದ್ದಾರೆ?

ಆಕೆ ಬರೆದು ಮುಗಿಸುವಷ್ಟರಲ್ಲಿ ನಿಗದಿಯಾದ ವೇಳೆ ಕಳೆದುಹೋಗಿದ್ದಿತು. ಸಹೋದ್ಯೋಗಿಯ ನಮೂನೆಯಲ್ಲಿ ‘ನಿಧಾನ, ಸಂವಹನ ಸಾಲದು’ ಎಂಬ ಒಕ್ಕಣೆ ಬಿದ್ದಿತು. ನಾನು ಆ ರಾತ್ರಿ ಊಟದ ಮೇಜಿನಲ್ಲಿ ಬಹಳ ಹೊತ್ತು ವಾದಿಸಿದೆನು. ಕೊನೆಗೆ, ನನ್ನ ವಾದವನ್ನು ಮೆಚ್ಚಿಯೋ ಅಥವಾ ನಿದ್ದೆಯ ಒತ್ತಡದಿಂದಲೋ, ಅವರು ಒಪ್ಪಿದರು. ಆಯ್ಕೆಯ ಪತ್ರ ಹೋಯಿತು. ಆಕೆ ಬರಲಿಲ್ಲ. ಕೆ.ಪಿ.ಟಿ.ಸಿ.ಎಲ್.ನಲ್ಲಿ ಸಹಾಯಕ ಇಂಜಿನಿಯರ್ ಹುದ್ದೆ ದೊರೆತು, ಊರಿಗೆ ಸಮೀಪವಾದ ಒಂದು ಸಬ್‌ಸ್ಟೇಷನ್ನಿಗೆ ಸೇರಿದಳೆಂದು ಕಾಲೇಜಿನವರಿಂದ ತಿಳಿಯಿತು. ನಮಗೆ ನಷ್ಟವಾಯಿತೆಂದು ನಾನು ಪೇಚಾಡಿದುದು ನಿಜವಾದರೂ, ಒಂದು ಸ್ವಿಚ್ಚನ್ನು ಎಳೆಯುವ ಮುನ್ನ ಆ ತಂತಿಯನ್ನು ಯಾರು ಹಿಡಿದಿರುವರೆಂದು ವಿಚಾರಿಸುವ ಇಂಜಿನಿಯರು ವಿದ್ಯುತ್ ಇಲಾಖೆಗೆ ದೊರೆತುದನ್ನು ಯಾವ ಲೈನ್‌ಮನ್ನನೂ ನಷ್ಟವೆನ್ನಲಾರನು.

ಇದಾದ ಮೇಲೆ ನಾನು ಮೇಲಿನವರಿಗೆ ಒಂದು ಸಲಹೆಯನ್ನು ಬರೆದುಕೊಟ್ಟೆನು: ಒಗಟುಗಳನ್ನು ಕೈಬಿಟ್ಟು, ನಮ್ಮಲ್ಲಿಯೇ ಇರುವ ಹಳೆಯ ಪ್ರೋಗ್ರಾಮೊಂದನ್ನು ಅಭ್ಯರ್ಥಿಗೆ ಕೊಟ್ಟು, ಏಕಾಂತದಲ್ಲಿ ಓದಲು ಬಿಟ್ಟು, ಅನಂತರ ಅದು ಏನು ಮಾಡುವುದೆಂದೂ ಎಲ್ಲಿ ಮುರಿಯಬಹುದೆಂದೂ ಕೇಳೋಣ. ಜಯನಗರದ ಆ ಹಿರಿಯರ ಪದ್ಧತಿಯೇ ಅದು. ಆಶ್ಚರ್ಯವೆಂಬಂತೆ ಒಂದು ಕಾಲೇಜಿನ ಮಟ್ಟಿಗೆ ಅನುಮತಿ ದೊರೆಯಿತು. ಓದಿ ತಿಳಿಯಲು ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ, ಕೇಳಿ ತಿಳಿಯಲು ನಮಗೆ ಅರ್ಧ ಗಂಟೆ. ಒಬ್ಬರಿಗೆ ಕೊಟ್ಟ ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೊರಗೆ ಹೋದವನು ಬಾಗಿಲ ಬಳಿಯೇ ಗೆಳೆಯರಿಗೆ ಒಪ್ಪಿಸಿಬಿಟ್ಟಿರುತ್ತಾನೆ. ಪರಿಣಾಮ ಚೆನ್ನಾಗಿದ್ದಿತು, ನಮ್ಮ ಹಳೆಯ ಪದ್ಧತಿಯಲ್ಲಿ ಹಿಂದೆ ಉಳಿಯುತ್ತಿದ್ದ ಮೌನಿಗಳು ಕೆಲವರು ಮುಂದೆ ಬಂದರು, ಮಾತಿನ ಮಲ್ಲರು ಕೆಲವರು ಎರಡನೆಯ ಪುಟದಲ್ಲಿಯೇ ಎಡವಿದರು. ಆದರೆ ಸಂಜೆಯಾಗುವ ಹೊತ್ತಿಗೆ ಪಡಸಾಲೆಯಲ್ಲಿ ನೂರಾರು ಮಂದಿ ಇನ್ನೂ ನಿಂತೇ ಇದ್ದರು. ಹೊರಗಿನ ಊರಿನ ಹೆಣ್ಣುಮಕ್ಕಳಿಗೆ ಕೊನೆಯ ಬಸ್ಸು ತಪ್ಪುವ ಭಯ. ಕಾಲೇಜಿನ ಪ್ರಾಂಶುಪಾಲರು ಮತ್ತೆ ಮತ್ತೆ ಬಾಗಿಲಲ್ಲಿ ಇಣಿಕಿ ನೋಡುತ್ತಿದ್ದರು. ರಾತ್ರಿ ನಮ್ಮ ತಂಡದ ಮುಖ್ಯಸ್ಥರು, ಕೋಪವಿಲ್ಲದೆಯೇ, "ನಿಮ್ಮದು ಸರಿಯಾದ ಪರೀಕ್ಷೆ, ಒಪ್ಪಿದೆ. ಆದರೆ ಈ ವರ್ಷ ನಮಗೆ ಬೇಕಾಗಿರೋ ಜನಾನ ಹೀಗೆ ಆರಿಸ್ತಾ ಕೂತರೆ ಯಾವ ಕಾಲಕ್ಕೆ ಮುಗೀತದೆ, ನೀವೇ ಲೆಕ್ಕ ಹಾಕಿ" ಎಂದರು. ಲೆಕ್ಕ ಹಾಕಿದೆನು. ಅವರ ಮಾತು ಸರಿಯಾಗಿದ್ದಿತು. ಒಗಟು ಎಂಬುದು ಬುದ್ಧಿಯನ್ನು ಅಳೆಯುವ ಸಾಧನವೆಂದು ನಾನು ಅದುವರೆಗೆ ಅದರ ಮೇಲೆ ಕೋಪಿಸಿಕೊಂಡಿದ್ದೆನು. ಅದು ಉದ್ದವಾದ ಸಾಲನ್ನು ಗಿಡ್ಡ ಮಾಡುವ ಸಾಧನವೆಂದು ತಿಳಿದ ಮೇಲೆ ಆ ಕೋಪ ಬಹುಮಟ್ಟಿಗೆ ಇಳಿಯಿತು.

ಈಗ ನಿವೃತ್ತನಾಗಿದ್ದೇನೆ. ನಮ್ಮ ಬೀದಿಯ ಹುಡುಗರು ಸಂದರ್ಶನಕ್ಕೆ ಮುನ್ನ ಬಂದು, "ಅಂಕಲ್, ಏನು ಓದಿಕೊಳ್ಳಲಿ?" ಎಂದು ಕೇಳುವರು. ಒಗಟುಗಳು ಹೋಗಿ ಅವುಗಳ ಜಾಗದಲ್ಲಿ ಅಲ್ಗಾರಿದಮ್ಮಿನ ಲೆಕ್ಕಗಳು ಬಂದಿವೆ. ಸಂದರ್ಶಕನು ಎದುರಿಗಿರದೆ ಪರದೆಯ ಮೇಲೆ ಇರುತ್ತಾನೆ. ಮಿಕ್ಕಂತೆ ಹೆಚ್ಚಿನ ವ್ಯತ್ಯಾಸವಿಲ್ಲ. ಕೇಳುವ ಲೆಕ್ಕಗಳನ್ನೇ ಅಭ್ಯಾಸ ಮಾಡಿಸುತ್ತೇನೆ, ಬಾಗಿಲು ಅದೇ ಆಗಿರುವಾಗ ಬೇರೆ ಬೀಗದ ಕೈ ಕೊಟ್ಟು ಫಲವೇನು? ಕೆಲಸ ಸಿಕ್ಕಿದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಬನ್ನಿರೆಂದೂ, ಇನ್ನೊಬ್ಬರು ಬರೆದುದನ್ನು ಓದುವುದು ಹೇಗೆಂದು ಕೂತು ನೋಡೋಣವೆಂದೂ ಹೇಳಿ ಕಳುಹಿಸುತ್ತೇನೆ. ಸಿಹಿಯ ಪೊಟ್ಟಣದೊಡನೆ ಬರುವವರು ಅನೇಕರು. ಭಾನುವಾರ ಬಂದವರು ಇಬ್ಬರು ಮೂವರು ಇರಬಹುದು. ಅವರಲ್ಲಿ ಒಬ್ಬನು, ಕಂಪೆನಿಯಲ್ಲಿ ತನಗೆ ಒಪ್ಪಿಸಿದ ಪ್ರೋಗ್ರಾಮು ತಾನು ಹುಟ್ಟುವ ಮುನ್ನ ಬರೆದುದೆಂದೂ, ಅದು ಕೋಬಾಲಿನಲ್ಲಿ ಇದೆಯೆಂದೂ ಬಹಳ ಬೇಸರದಿಂದ ಹೇಳಿದನು. ನಾನು ಒಳಗೆ ಹೋಗಿ ಕನ್ನಡಕವನ್ನು ತಂದೆನು.